ಯಾವುದು ಯಾವುದರ ಮೇಲೆ? ಬಲಗಳನ್ನು ಗುರುತಿಸಲು ಆರು ಹಂತ

ಬಲದ ಲೆಕ್ಕದಲ್ಲಿ ಹೆಚ್ಚಿನವರು ಎಡವುವುದು ಸೂತ್ರ ಬರೆಯುವುದಕ್ಕೂ ಮೊದಲೇ. ವಸ್ತುವಿನ ಮೇಲಿರುವ ಬಲಗಳ ಪಟ್ಟಿಯಲ್ಲಿ ಒಂದು ಬಿಟ್ಟುಹೋಗಿರುತ್ತದೆ, ಇಲ್ಲವೇ ಇಲ್ಲದ್ದೊಂದು ಸೇರಿಕೊಂಡಿರುತ್ತದೆ. ಇದಕ್ಕೆ ಒಂದೇ ನಿಯಮ ನೆನಪಿಡಿ: ಪ್ರತಿ ಬಲಕ್ಕೂ ಕೊಡುವ ವಸ್ತು ಒಂದು, ಪಡೆಯುವ ವಸ್ತು ಒಂದು ಇರಲೇಬೇಕು. ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಸಿಮೆಂಟ್ ನೆಲದ ಮೇಲಿರುವ 25 ಕಿಲೋ ಅಕ್ಕಿ ಮೂಟೆಯನ್ನು ನೀವು ಪಕ್ಕಕ್ಕೆ ತಳ್ಳುತ್ತಿದ್ದೀರಿ ಎಂದಿಟ್ಟುಕೊಳ್ಳೋಣ.

ಹಂತ 1: ಒಂದೇ ವಸ್ತು ಆರಿಸಿ
ಮೂಟೆಗೆ ಒಂದು ಚೌಕ ಬರೆಯಿರಿ. ನೆಲ, ಗೋಡೆ, ತಳ್ಳುವ ನೀವು, ಯಾವುದೂ ಚಿತ್ರದಲ್ಲಿ ಬೇಡ. ಇನ್ನು ಮುಂದೆ ಮೂಟೆ ಪಡೆಯುವ ಬಲಗಳಿಗೆ ಮಾತ್ರ ಬಾಣದ ಗುರುತು. ಅದು ಬೇರೆಯದಕ್ಕೆ ಕೊಡುವ ಬಲ ಇಲ್ಲಿ ಬರುವುದಿಲ್ಲ.

ಹಂತ 2: ಮುಟ್ಟದೆ ಎಳೆಯುವುದನ್ನು ಬರೆಯಿರಿ
ಭೂಮಿ ಮೂಟೆಯನ್ನು ಕೆಳಕ್ಕೆ ಎಳೆಯುತ್ತಿದೆ. 25 ಕಿಲೋ ಎನ್ನುವುದು ದ್ರವ್ಯರಾಶಿ. ಅದನ್ನು 9.8ರಿಂದ ಗುಣಿಸಿದರೆ ತೂಕ 245 ನ್ಯೂಟನ್. ಕೆಳಮುಖವಾಗಿ ಒಂದು ಬಾಣ ಎಳೆಯಿರಿ.

ಹಂತ 3: ಮುಟ್ಟಿದ್ದನ್ನೆಲ್ಲ ಹುಡುಕಿ
ಚೌಕದ ಅಂಚಿನ ಸುತ್ತ ಬೆರಳಾಡಿಸಿ. ಕೆಳಗೆ ನೆಲ ತಾಗಿದೆ: ಅದು ಮೂಟೆಯನ್ನು ಮೇಲಕ್ಕೆ ಒತ್ತುತ್ತದೆ, ಜಾರದಂತೆ ಘರ್ಷಣೆಯಿಂದ ತಡೆಯುತ್ತದೆ. ಪಕ್ಕದಲ್ಲಿ ನಿಮ್ಮ ಕೈ ತಾಗಿದೆ: ಅದು ಮುಂದಕ್ಕೆ ತಳ್ಳುತ್ತದೆ. ಅಲ್ಲಿಗೆ ಒಟ್ಟು ನಾಲ್ಕು ಬಾಣ.

ಹಂತ 4: ಕೊಡುವವರಿಲ್ಲದ ಬಲವನ್ನು ಅಳಿಸಿ
ಪ್ರತಿ ಬಾಣದ ಪಕ್ಕ ‘ನೆಲ ಮೂಟೆಯ ಮೇಲೆ’, ‘ಕೈ ಮೂಟೆಯ ಮೇಲೆ’ ಎಂದು ಬರೆಯಿರಿ. ಹಾಗೆ ಬರೆಯಲು ಬಾರದ ಬಾಣ ಸುಳ್ಳು. ಕೇರಂ ಆಟದಲ್ಲಿ ಬೆರಳು ಬಿಟ್ಟ ಮೇಲೂ ಸ್ಟ್ರೈಕರ್ ಓಡುತ್ತಿರುತ್ತದೆ. ಅದರ ಮೇಲೆ ‘ಹೊಡೆತದ ಬಲ’ ಎಂದು ಮುಂದಕ್ಕೊಂದು ಬಾಣ ಹಾಕುವವರು ಬಹಳ. ಆದರೆ ಕೊಡುವವರು ಯಾರು? ಬೆರಳು ಈಗ ತಾಗಿಯೇ ಇಲ್ಲ. ಸ್ಟ್ರೈಕರ್ ಓಡುತ್ತಿರುವುದು ಜಡತ್ವದಿಂದ, ನಿಧಾನವಾಗುತ್ತಿರುವುದು ಬೋರ್ಡಿನ ಘರ್ಷಣೆಯಿಂದ. ಪೌಡರ್ ಉದುರಿಸಿದರೆ ಘರ್ಷಣೆ ತಗ್ಗಿ ಅದು ಇನ್ನೂ ದೂರ ಹೋಗುತ್ತದೆ.

ಹಂತ 5: ಕೂಡಿ, ಕಳೆಯಿರಿ
ಮೂಟೆ ಮೇಲೆ ಕೆಳಗೆ ಚಲಿಸುತ್ತಿಲ್ಲ. ಹಾಗಾಗಿ ನೆಲದ ಒತ್ತು ಕೂಡ 245 ನ್ಯೂಟನ್. ನೀವು 60 ನ್ಯೂಟನ್ ಹಾಕಿ ತಳ್ಳಿದರೂ ಮೂಟೆ ಕದಲಲಿಲ್ಲವೆಂದರೆ ಘರ್ಷಣೆಯೂ 60 ನ್ಯೂಟನ್ನೇ. ಒಂದು ಮಿತಿಯವರೆಗೆ ಅದು ನಿಮ್ಮ ತಳ್ಳುವಿಕೆಗೆ ತಕ್ಕಂತೆ ಏರುತ್ತದೆ. ಈಗ 150 ನ್ಯೂಟನ್ ಹಾಕಿದಿರಿ, ಮೂಟೆ ಜಾರತೊಡಗಿತು, ಘರ್ಷಣೆ 100 ನ್ಯೂಟನ್ ಇದೆ ಎನ್ನೋಣ. ಉಳಿದ 50 ನ್ಯೂಟನ್ ಅನ್ನು 25ರಿಂದ ಭಾಗಿಸಿ: ಮೂಟೆಯ ವೇಗ ಪ್ರತಿ ಸೆಕೆಂಡಿಗೂ, ಸೆಕೆಂಡಿಗೆ 2 ಮೀಟರಿನಷ್ಟು ಹೆಚ್ಚುತ್ತದೆ. ವೇಗ ಹೀಗೆ ಹೆಚ್ಚುವ ದರವೇ ವೇಗೋತ್ಕರ್ಷ. ಉಳಿದ ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ ಸಿಗುತ್ತದೆ ಎನ್ನುವುದು ನ್ಯೂಟನ್ನನ ಎರಡನೇ ನಿಯಮ.

ಹಂತ 6: ಜೋಡಿ ಹುಡುಕಿ
1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ದಲ್ಲಿ ನ್ಯೂಟನ್ ಹೇಳಿದ ಮೂರನೇ ನಿಯಮದಂತೆ ಪ್ರತಿ ಬಲಕ್ಕೂ ಸಮನಾದ, ವಿರುದ್ಧ ದಿಕ್ಕಿನ ಜೋಡಿ ಉಂಟು. ಜೋಡಿ ಹುಡುಕಲು ಹಂತ 4ರ ಹೆಸರನ್ನು ತಿರುಗಿಸಿದರೆ ಸಾಕು. ‘ಭೂಮಿ ಮೂಟೆಯ ಮೇಲೆ’ ಎಂಬುದರ ಜೋಡಿ ‘ಮೂಟೆ ಭೂಮಿಯ ಮೇಲೆ’. ಹೌದು, ಮೂಟೆಯೂ ಭೂಮಿಯನ್ನು 245 ನ್ಯೂಟನ್ ಬಲದಿಂದ ಎಳೆಯುತ್ತಿದೆ. ಭೂಮಿಯ ದ್ರವ್ಯರಾಶಿ ಅಗಾಧವಾದ್ದರಿಂದ ಪರಿಣಾಮ ಕಾಣದು.

ತೂಕ ಮತ್ತು ನೆಲದ ಒತ್ತು ಜೋಡಿಯೆಂದು ತಿಳಿಯಬೇಡಿ. ಎರಡೂ ಮೂಟೆಯ ಮೇಲೆಯೇ ಇವೆ. ಅದೇ ಮೂಟೆಯನ್ನು ಲಿಫ್ಟಿನಲ್ಲಿಟ್ಟು, ಲಿಫ್ಟ್ ಅಷ್ಟೇ ವೇಗೋತ್ಕರ್ಷದಿಂದ, ಅಂದರೆ ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 2 ಮೀಟರಿನಷ್ಟು ಹೆಚ್ಚುತ್ತಾ ಮೇಲಕ್ಕೆ ಹೊರಟರೆ ತೂಕ 245 ನ್ಯೂಟನ್ ಆಗಿಯೇ ಉಳಿಯುತ್ತದೆ, ನೆಲದ ಒತ್ತು 295ಕ್ಕೆ ಏರುತ್ತದೆ. ನಿಜವಾದ ಜೋಡಿ ಎಂದೂ ಹೀಗೆ ಹೆಚ್ಚುಕಡಿಮೆ ಆಗದು.

ನೀವೇ ಪರೀಕ್ಷಿಸಿ
ಎರಡು ಸ್ಪ್ರಿಂಗ್ ತಕ್ಕಡಿಗಳ ಕೊಕ್ಕೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಮೇಜಿನ ಮೇಲೆ ಅಡ್ಡಲಾಗಿಡಿ. ಒಂದನ್ನು ಗೆಳೆಯ ಸುಮ್ಮನೆ ಹಿಡಿದಿರಲಿ, ಇನ್ನೊಂದನ್ನು ನೀವು ಎಳೆಯಿರಿ. ಎಳೆದದ್ದು ನೀವೊಬ್ಬರೇ ಆದರೂ ಎರಡು ಮುಳ್ಳುಗಳೂ ಒಂದೇ ಅಂಕಿ ತೋರಿಸುತ್ತವೆ.