ಗುಬ್ಬಿ ಮನೆಗೆ ಬೀಗ ಹಾಕಬೇಡ ಕಣೇ

ಮಗಳೇ, ತುಮಕೂರಿನ ಮನೆಯ ಬೀಗದಕೈ ನಿಮ್ಮ ಕೈ ಸೇರಿತು ಅಂತ ನಿಮ್ಮಮ್ಮ ಫೋನ್ ಮಾಡಿದ್ದಳು. ಸಂತೋಷ. ಹೆಗ್ಗೆರೆ ಕಡೆಯಂತೆ, ಗಾಳಿ ಬೆಳಕು ಚೆನ್ನಾಗಿದೆಯಂತೆ, ಮಕ್ಕಳಿಗೆ ಕಾಲೇಜು ಹತ್ತಿರವಂತೆ. ಎಲ್ಲ ಹೇಳಿ ಫೋನ್ ಇಡುವಾಗ ಇನ್ನೊಂದು ಮಾತು ಸೇರಿಸಿದಳು ನೋಡು, ಅದು ನನ್ನ ನಿದ್ದೆ ಕೆಡಿಸಿತು. "ಗುಬ್ಬಿ ಮನೆಗೆ ಸದ್ಯಕ್ಕೆ ಬೀಗ ಹಾಕಿರ್ತಾರಂತೆ ಅಕ್ಕ, ನಿಧಾನವಾಗಿ ಮಾರಿದರಾಯ್ತು ಅಂತ."

ಬೀಗ ಹಾಕಬೇಡ ಕಣೇ. ದೊಡ್ಡಮ್ಮ ಹೇಳೋ ಮಾತಲ್ಲಿ ಬೇರೇನು ಮರೆತರೂ ಇದೊಂದು ಮರೀಬೇಡ.

ನಿಮ್ಮದು ಹೆಂಚಿನ ಮನೆ. ಜನ ಓಡಾಡಿಕೊಂಡಿದ್ದರೆ ಹೆಂಚಿನ ಮನೆ ನೂರು ವರ್ಷ ಬಾಳುತ್ತೆ, ಬೀಗ ಬಿದ್ದರೆ ಎರಡು ಮಳೆಗಾಲಕ್ಕೆ ಕೂರುತ್ತೆ. ಕೋತಿಯೋ ಬೆಕ್ಕೋ ಒಂದು ಹೆಂಚು ಸರಿಸಿದರೆ ಸಾಕು. ನೀವಿದ್ದಾಗ ಅಂದು ರಾತ್ರಿಯೇ ತೊಟ್ಟಿಕ್ಕಿದ್ದು ಗೊತ್ತಾಗಿ ಬೆಳಿಗ್ಗೆ ಏಣಿ ಹಾಕ್ತೀರಿ. ಬೀಗ ಹಾಕಿದ ಮನೆಯಲ್ಲಿ ಆ ನೀರು ಜಂತೆಗೆ ಇಳಿದು, ಜಂತೆಯಿಂದ ಗೋಡೆಗೆ ಇಳಿದು, ಗೆದ್ದಲು ಬಾಗಿಲುವಾಡದೊಳಗೆ ಸಂಸಾರ ಹೂಡುತ್ತೆ. ತುಮಕೂರಿಗೂ ಗುಬ್ಬಿಗೂ ಇಪ್ಪತ್ತು ಕಿಲೋಮೀಟರ್ ತಾನೆ, ವಾರಕ್ಕೊಮ್ಮೆ ಹೋಗಿ ಗುಡಿಸಿ ಬರ್ತೀವಿ ಅಂತೀಯ. ಮೊದಲ ತಿಂಗಳು ಹೋಗ್ತೀಯ. ಆಮೇಲೆ ಹಬ್ಬಕ್ಕೆ. ಆಮೇಲೆ ಚನ್ನಬಸವೇಶ್ವರ ಸ್ವಾಮಿ ಜಾತ್ರೆಗೆ ಹೋದವರು ಹಾಗೇ ಒಂದು ಸಲ ಇಣುಕಿ ಬರೋದು, ಅಷ್ಟೇ.

ಇನ್ನೊಂದು ಕಾರಣ ಆದಾಯ ತೆರಿಗೆಯದು, ಅದನ್ನು ಯಾರೂ ಹೇಳಿಕೊಡಲ್ಲ. ನೀವು ತುಮಕೂರಿನಲ್ಲಿ ಕಟ್ಟಿ ಮುಗಿದ ಮನೆಯನ್ನೇ ಕೊಂಡವರು. ಹಳೇ ಮನೆ ಮಾರಿದ ಲಾಭದ ಮೇಲಿನ ತೆರಿಗೆಗೆ ವಿನಾಯಿತಿ ಬೇಕಾದರೆ, ಹೊಸ ಮನೆಯನ್ನು ಆ ಮಾರಾಟದ ಹಿಂದಿನ ಒಂದು ವರ್ಷದೊಳಗೆ ಅಥವಾ ಆಮೇಲಿನ ಎರಡು ವರ್ಷದೊಳಗೆ ಕೊಂಡಿರಬೇಕು. ಕಟ್ಟಿಸುವವರಿಗಾದರೆ ಮೂರು ವರ್ಷ. ಅಂದರೆ ನಿಮ್ಮ ಲೆಕ್ಕಕ್ಕೆ ಒಂದೇ ವರ್ಷದ ಗಡುವು, ತುಮಕೂರಿನ ಮನೆ ರಿಜಿಸ್ಟರ್ ಆದ ದಿನದಿಂದ ಅದು ಓಡ್ತಾ ಇದೆ. ನಿಧಾನವಾಗಿ ಮಾರೋಣ ಅಂತ ಹದಿನಾಲ್ಕು ತಿಂಗಳು ಕೂತರೆ ಆ ವಿನಾಯಿತಿ ಕೈತಪ್ಪಿತು ಅಂತಲೇ ತಿಳಿ. ಮುಂಗಡ ತಗೊಳ್ಳೋ ಮುಂಚೆಯೇ ಆಡಿಟರ್ ಹತ್ತಿರ ಒಂದು ಗಂಟೆ ಕೂತು ಬನ್ನಿ. ಹೊಸ ಮನೆ ಯಾರ ಹೆಸರಲ್ಲಿದೆ ಅಂತಲೂ ಅವರು ಕೇಳ್ತಾರೆ, ಪತ್ರ ಹಿಡಿದುಕೊಂಡೇ ಹೋಗಿ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಮನೆ ನೋಡೋಕೆ ಮೊದಲು ಯಾರನ್ನು ಕರೀಬೇಕು ಗೊತ್ತಾ? ಗಿರಾಕಿಯನ್ನಲ್ಲ, ದಲ್ಲಾಳಿಯನ್ನಲ್ಲ. ನಿನ್ನ ನಾದಿನಿಯರನ್ನ.

ನಿನ್ನ ಸೋದರಮಾವ ಕುಣಿಗಲ್ ಮನೆ ಮಾರೋಕೆ ಹೊರಟ ವರ್ಷ ನೀನು ಪಿಯುಸಿ ಓದ್ತಿದ್ದೆ, ನಿನಗೆ ಪೂರ್ತಿ ಕಥೆ ಗೊತ್ತಿಲ್ಲ. ಕೆರೆ ಕಡೆಗಿದ್ದ ನಮ್ಮಪ್ಪನ ಮನೆ. ಅಪ್ಪ ಹೋದ ಮೇಲೆ ಅವನು ಬೆಂಗಳೂರು ಸೇರಿ ಮೂರು ವರ್ಷ ಅದಕ್ಕೆ ಬೀಗ ಹಾಕಿದ್ದ. ಆಮೇಲೆ ಒಬ್ಬರು ಸಿಕ್ಕರು, ಮಾತಾಯ್ತು, ಮುಂಗಡ ತಗೊಂಡ, ಮೂರು ತಿಂಗಳಲ್ಲಿ ಕ್ರಯ ಮಾಡಿಕೊಡ್ತೀನಿ ಅಂತ ಕರಾರು ಬರೆದುಕೊಟ್ಟ. ಕೊಳ್ಳುವವರು ಬ್ಯಾಂಕ್ ಸಾಲಕ್ಕೆ ಹಾಕಿದ್ದರು. ಬ್ಯಾಂಕಿನ ವಕೀಲರು ವಂಶವೃಕ್ಷ ಕೇಳಿದರು. ಅದರಲ್ಲಿ ನಾನೂ ನಿಮ್ಮಮ್ಮನೂ ಕಾಣಿಸಿಕೊಂಡೆವು! ಅಲ್ಲಿಯತನಕ ಅವನ ತಲೆಯಲ್ಲಿ ನಾವಿಬ್ಬರೂ ಮದುವೆಯಾಗಿ ಹೋದವರು ಅಷ್ಟೇ. ಒಂದು ಭಾನುವಾರ ಬಾಳೆಹಣ್ಣು, ಎಲೆಅಡಿಕೆ ಹಿಡಿದು ಬಂದ. "ಅಕ್ಕ, ಒಂದು ಸೈನು" ಅಂದ. ದುಡ್ಡಿನಾಸೆ ನನಗಿರಲಿಲ್ಲ, ಶಿಕ್ಷಕಿಯ ಸಂಬಳ ಬರ್ತಿತ್ತು. ಆದರೆ ಅಮ್ಮನ ಒಲೆ ಮುಂದೆ ಒಂದು ಸಲ ಕೂತು ಬರೋಕೂ ಬಿಡದೆ ಮಾತು ಮುಗಿಸಿ, ಕೊನೆಗೆ ಸೈನಿಗೆ ಬಂದನಲ್ಲ ಅಂತ ಮನಸ್ಸು ಮುರೀತು. ನಾನು ಹದಿನೈದು ದಿನ ಸತಾಯಿಸಿದೆ. ತಪ್ಪು ಮಾಡಿದೆ, ಒಪ್ಪಿಕೊಳ್ತೀನಿ. ಅಷ್ಟರಲ್ಲಿ ಕರಾರಿನ ಗಡುವು ಮುಗೀತು, ಕೊಳ್ಳುವವರು ಮುಂಗಡ ವಾಪಸ್ ಕೇಳಿದರು, ಅದು ಖರ್ಚಾಗಿ ಹೋಗಿತ್ತು. ಕೊನೆಗೆ ಮನೆ ಹೋಗಿದ್ದು ಮೊದಲು ಮಾತಾಡಿದ್ದಕ್ಕಿಂತ ಕಡಿಮೆ ಬೆಲೆಗೆ. ಅಕ್ಕ ತಮ್ಮನ ನಡುವೆ ಆದ ಆ ಬಿರುಕಿಗೆ ಇನ್ನೂ ಪೂರ್ತಿ ಗಾರೆ ಹಿಡಿದಿಲ್ಲ.

ನಿಮ್ಮ ಮಾವನವರು ಗುಬ್ಬಿ ಮನೆಯನ್ನು ಸ್ವಂತ ದುಡಿಮೆಯಲ್ಲಿ ಕಟ್ಟಿಸಿದರು, ವಿಲ್ ಬರೆದಿಡಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರವೇ ನಿಮ್ಮತ್ತೆ, ನಮ್ಮ ಅಳಿಯಂದಿರು, ನಿನ್ನ ಮೈದುನ, ಇಬ್ಬರು ನಾದಿನಿಯರು, ಐವರಿಗೂ ಸಮಪಾಲು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಬಂದದ್ದು ಆಮೇಲೆ, ನಮ್ಮ ರಾಜ್ಯದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಅದು ಬೇರೆ ಮಾತು, ನಿಮ್ಮ ಮನೆಗೆ ಅಲ್ಲಿಯವರೆಗೂ ಹೋಗಬೇಕಾಗಿಲ್ಲ. ಮದುವೆಗೆ ಚಿನ್ನ ಹಾಕಿದ್ದೀವಲ್ಲ ಅನ್ನೋ ವಾದ ಸಬ್ ರಿಜಿಸ್ಟ್ರಾರ್ ಮುಂದೆ ನಡೆಯಲ್ಲ. ಐವರೂ ಮಾರಾಟಗಾರರಾಗಿ ಕ್ರಯಪತ್ರಕ್ಕೆ ಸಹಿ ಹಾಕಲಿ, ಹಣ ಅವರವರ ಖಾತೆಗೆ ನೇರವಾಗಿ ಹೋಗಲಿ. ಯಾರಾದರೂ ಬೇಡ ಅಂದರೆ ಅದು ಅವರ ದೊಡ್ಡಗುಣ, ನೀವಾಗಿ ಕೇಳಬೇಡಿ.

ಆದ್ದರಿಂದ ಮೊದಲು ಇಬ್ಬರ ಮನೆಗೂ ಹೋಗಿ. ಅಳಿಯಂದಿರೊಬ್ಬರನ್ನೇ ಕಳಿಸಬೇಡ, ನೀನೂ ಹೋಗು. ಮಾರೋ ಯೋಚನೆ ಇದೆ, ನೀವೇನಂತೀರಿ ಅಂತ ಕೇಳಿ. ಒಂದು ಭಾನುವಾರ ಎಲ್ಲರೂ ಗುಬ್ಬಿಗೆ ಬಂದು ಅಟ್ಟ ಇಳಿಸೋಣ ಅಂತ ಕರೀರಿ.

ಆ ಅಟ್ಟ ಇದೆಯಲ್ಲ, ಅದು ಒಂದು ದಿನದ ಕೆಲಸ ಅಲ್ಲ. ತಾಮ್ರದ ಹಂಡೆ, ಕೊಳಗ, ಒನಕೆ, ಮುರಿದ ತೊಟ್ಟಿಲು, ಮಾವನವರ ಕಾಲದ ಅಡಿಕೆ ಮಂಡಿ ಲೆಕ್ಕದ ಪುಸ್ತಕ, ಹೊಲಿಗೆ ಬಿಟ್ಟ ಹಾಸಿಗೆ. ಪ್ರತಿ ಸಾಮಾನಿಗೂ ನಿಮ್ಮತ್ತೆ ಒಂದು ಕಥೆ ಹೇಳ್ತಾರೆ, ಹೇಳಲಿ ಬಿಡು. ಅವಸರ ಮಾಡಿದರೆ ಅವರು ಒಂದನ್ನೂ ಬಿಡಲ್ಲ. ಕಥೆ ಹೇಳಿ ಮುಗಿಸಿದ ಮೇಲೆ ಅವರೇ "ಇದನ್ನ ಗುಜರಿಗೆ ಹಾಕು" ಅಂತಾರೆ. ಹಂಡೆ ನಿನಗೇ ಬೇಕು ಅಂತ ಆಸೆಯಿದ್ದರೂ ದೊಡ್ಡ ನಾದಿನಿಗೆ ಮೊದಲು ಕೇಳು. ತುಮಕೂರಲ್ಲಿ ನಿನ್ನ ಸ್ನಾನಕ್ಕೆ ಸೋಲಾರ್ ನೀರು ಬರುತ್ತೆ. ಒರಳುಕಲ್ಲನ್ನು ಮಾತ್ರ ಯಾರೂ ಒಯ್ಯಲ್ಲ, ಎಲ್ಲರೂ ಅದನ್ನು ನೋಡಿ ಕಣ್ಣೀರು ಹಾಕ್ತಾರೆ. ಅದು ಅಲ್ಲೇ ಇರಲಿ. ಲೆಕ್ಕದ ಪುಸ್ತಕ, ಹಳೇ ಕಾಗದ ಯಾವುದನ್ನೂ ಓದದೆ ಗುಜರಿಗೆ ಹಾಕಬೇಡ. ಕಂದಾಯ ಕಟ್ಟಿದ ಹಳೇ ರಸೀದಿಗಳು ಅಂಥದ್ದರ ಮಧ್ಯದಲ್ಲೇ ಇರೋದು. ಸಾಗಿಸೋದು ಕಷ್ಟ ಅಂತ ಗೊಣಗಬೇಡ. 1884ರಲ್ಲಿ ಕಟ್ಟಿದ ನಾಟಕ ಕಂಪನಿ ಪರದೆ, ಪೆಟ್ಟಿಗೆ, ನಟನಟಿಯರ ಸಮೇತ ಊರಿಂದೂರಿಗೆ ಕ್ಯಾಂಪು ಹಾಕಿದ ಊರಿನ ಸೊಸೆ ನೀನು! ಆ ಕಂಪನಿಯ ಗುಬ್ಬಿ ವೀರಣ್ಣನವರು ರಂಗದ ಮೇಲೆ ಆನೆ ಕುದುರೆಗಳನ್ನೇ ತಂದು ನಿಲ್ಲಿಸಿದವರು. ನಿನ್ನದು ಒಂದು ಟೆಂಪೋ ಸಾಮಾನು.

ಕಾಗದದ ಕೆಲಸ ಇದರ ಜೊತೆಜೊತೆಗೇ ಆಗಲಿ. ಮನೆ ಇನ್ನೂ ಮಾವನವರ ಹೆಸರಲ್ಲೇ ಇದೆ ಅಂದಳು ನಿಮ್ಮಮ್ಮ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ಇಟ್ಟು ಪಟ್ಟಣ ಪಂಚಾಯಿತಿಯಲ್ಲಿ ಖಾತೆ ಬದಲಾವಣೆಗೆ ಕೊಡಿ, ಇ-ಖಾತೆ ಮಾಡಿಸಿ. ಈಗ ಇ-ಖಾತೆ ಇಲ್ಲದೆ ರಿಜಿಸ್ಟರ್ ಆಗಲ್ಲ. ಬ್ಯಾಂಕ್ ಸಾಲದ ಗಿರಾಕಿ ಬಂದರೆ ಮೂವತ್ತು ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ) ಕೇಳೋದು ವಾಡಿಕೆ. 2004ರ ಏಪ್ರಿಲ್‌ನಿಂದ ಈಚಿನದು ಕಾವೇರಿ ಆನ್‌ಲೈನ್‌ನಲ್ಲಿ ಸಿಗುತ್ತೆ; ಅದಕ್ಕೆ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಅರ್ಜಿ ಹಾಕಬೇಕು, ದಿನ ಹಿಡಿಯುತ್ತೆ. ಹಳೇ ಪತ್ರದ ಚೆಕ್ಕುಬಂದಿ ಓದಿ ನೋಡು. ಪೂರ್ವಕ್ಕೆ ಇಂಥವರ ಮನೆ ಅಂತ ಬರೆದಿರುತ್ತೆ, ಆ ಪುಣ್ಯಾತ್ಮರು ಹೋಗಿ ಎಷ್ಟೋ ಕಾಲವಾಗಿ ಆ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇರುತ್ತೆ. ಟೇಪು ಹಿಡಿದು ಅಳತೆ ಹಾಕಿಸು. ಪಕ್ಕದವರ ಬಚ್ಚಲ ನೀರಿನ ಪೈಪು ನಿಮ್ಮ ಗೋಡೆಯೊಳಗೆ ಬಂದಿದ್ದರೆ ಈಗಲೇ ನಗುನಗುತ್ತಾ ಮಾತಾಡಿ ಮುಗಿಸಿ. ಗಿರಾಕಿ ಕಣ್ಣಿಗೆ ಬಿದ್ದ ಮೇಲೆ ಅದು ಜಗಳ ಅನ್ನಿಸಿಕೊಳ್ಳುತ್ತೆ.

ಇನ್ನು ಸುಣ್ಣ ಬಣ್ಣ. ಖರ್ಚು ಮಾಡೋ ಮುಂಚೆ ಬೀದಿಯಲ್ಲಿ ಇಬ್ಬರು ಮೂವರನ್ನು ವಿಚಾರಿಸು: ಪೇಟೆಯೊಳಗಿನ ಇಂಥ ಮನೆಯನ್ನು ಜನ ಮನೆ ಅಂತ ಕೊಳ್ತಾರೋ, ನಿವೇಶನ ಅಂತ ಕೊಳ್ತಾರೋ? ಕೆಡವಿ ಮೂರು ಮಹಡಿ ಎತ್ತೋರಿಗೆ ನಿನ್ನ ಹೊಸ ಬಣ್ಣದಿಂದ ಏನಾಗಬೇಕು? ಹಾಗಿದ್ದರೆ ಒಂದು ರೂಪಾಯೂ ಸುರೀಬೇಡ. ಆದರೆ ಆ ತೇಗದ ಬಾಗಿಲು, ಕಂಬಗಳು, ಹೆಂಚು, ಮರಮುಟ್ಟು ಯಾರಿಗೆ ಸೇರಬೇಕು ಅನ್ನೋದನ್ನ ಕರಾರಿನಲ್ಲೇ ಬರೆಸು. ಹಳೇ ಮರಮುಟ್ಟಿಗೆ ಬೇರೆಯೇ ವ್ಯಾಪಾರ ಇದೆ.

ವಾಸಕ್ಕೇ ಕೊಳ್ಳೋರು ಬಂದರೆ ಅವರು ನೋಡೋದು ನಾಲ್ಕೇ: ಸೋರುತ್ತಾ, ನೀರು ಬರುತ್ತಾ, ಬಚ್ಚಲು ಹೇಗಿದೆ, ವಾಸನೆ ಹೇಗಿದೆ. ಹೆಂಚು ಕೈಯಾಡಿಸಿ, ಸೋರೋ ನಲ್ಲಿ ಬದಲಾಯಿಸಿ, ಬೋರ್ ನೀರು ನಲ್ಲಿ ಮೇಲೆ ಕಟ್ಟಿದ ಬಿಳಿ ಪೊರೆ ಉಜ್ಜಿಸಿ, ಅಡುಗೆಮನೆ ಗೋಡೆಯ ಎಣ್ಣೆ ಜಿಡ್ಡು ತೆಗೆಸಿ, ತಿಳಿ ಬಣ್ಣ ಹೊಡೆಸಿದರೆ ಸಾಕು. ಕೆಂಪು ಗಾರೆ ನೆಲದ ಮೇಲೆ ಟೈಲ್ಸ್ ಹಾಕಿಸಬೇಡ. ಸೋರೋ ಜಾಗವನ್ನು ಬಣ್ಣದಲ್ಲಿ ಮುಚ್ಚೋದು ಬೇಡ. ಮುಂದಿನ ಮಳೆಗೆ ಅವರಿಗೆ ಗೊತ್ತಾಗುತ್ತೆ, ಗುಬ್ಬಿ ಚಿಕ್ಕ ಊರು. ಕರೆಂಟು, ನಲ್ಲಿ ಸಂಪರ್ಕ ಕ್ರಯ ಆಗೋತನಕ ತೆಗೆಸಬೇಡ. ಬಂದವರು ಸ್ವಿಚ್ಚು ಒತ್ತಿ, ನಲ್ಲಿ ತಿರುಗಿಸಿಯೇ ನೋಡೋದು. ಬೆಸ್ಕಾಂ ಮೀಟರು ಅವರ ಹೆಸರಿಗೆ ಆಮೇಲೆ ಬದಲಾಗುತ್ತೆ, ಬಾಕಿ ಮಾತ್ರ ಇರಬಾರದು.

ಹಾರ ಹಾಕಿದ ಹಿರಿಯರ ಫೋಟೋಗಳನ್ನು ಮನೆ ತೋರಿಸೋ ಮುಂಚೆಯೇ ತುಮಕೂರಿಗೆ ಸಾಗಿಸು. ಹೇಳೋಕೆ ಬೇಜಾರು, ಆದರೆ ಬಂದವರು ಫೋಟೋ ನೋಡಿದ ಕೂಡಲೇ ದನಿ ತಗ್ಗಿಸ್ತಾರೆ, ಯಾವ ಕೋಣೆಯಲ್ಲಿ ಹೋದರೋ ಅಂತ ಯೋಚಿಸ್ತಾರೆ. ಅವರ ಹಿಂದೆ ಹಿಂದೆಯೇ "ಇಲ್ಲೇ ನಮ್ಮ ಮಗ ಹುಟ್ಟಿದ್ದು" ಅಂತ ನೀನೂ ಸುತ್ತಬೇಡ. ಬಾಗಿಲು ಕಿಟಕಿ ತೆಗೆದಿಟ್ಟು, ಒಂದು ಲೋಟ ಮಜ್ಜಿಗೆ ಕೊಟ್ಟು ಜಗಲಿ ಮೇಲೆ ಕೂತಿರು.

ಬೆಲೆ ವಿಷಯದಲ್ಲಿ ದಲ್ಲಾಳಿಗಳು ಕಿವಿ ಊದ್ತಾರೆ. ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆ ಆದಾಗಿನಿಂದ ಗುಬ್ಬಿ ತಾಲ್ಲೂಕಿನ ಪ್ರತಿ ಹಿತ್ತಿಲಿಗೂ ರೆಕ್ಕೆ ಬಂದ ಹಾಗೆ ಮಾತಾಡೋರಿದ್ದಾರೆ. ಕಾರ್ಖಾನೆ ಇರೋದು ಅಲ್ಲಿ, ನಿಮ್ಮ ಮನೆ ಇರೋದು ಪೇಟೆಯಲ್ಲಿ. ನಿಮ್ಮ ಬೀದಿಯಲ್ಲಿ ಈಚೆಗೆ ಆದ ಎರಡು ವ್ಯಾಪಾರ ಕೇಳಿಕೊಂಡು ಬೆಲೆ ಕಟ್ಟಿ. ಕೊಳ್ಳೋರಿಗೂ ಈಗ ಭಾರ ಜಾಸ್ತಿ: ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ಸು, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ನೂರಕ್ಕೆ 1 ಇದ್ದದ್ದು 2. ಹಾಗಾಗಿ "ಪತ್ರದಲ್ಲಿ ಕಡಿಮೆ ತೋರಿಸೋಣ, ಉಳಿದದ್ದು ಕ್ಯಾಶ್" ಅನ್ನೋ ಮಾತು ಬಂದೇ ಬರುತ್ತೆ. ಒಪ್ಪಬೇಡಿ. ಮನೆ ಮಾರಾಟದಲ್ಲಿ ಇಪ್ಪತ್ತು ಸಾವಿರ ಅಥವಾ ಅದಕ್ಕೂ ಮೇಲ್ಪಟ್ಟ ನಗದು ತಗೊಂಡರೆ ತಗೊಂಡಷ್ಟೇ ದಂಡ ಬೀಳುವ ಕಾನೂನಿದೆ. ಐದು ಪಾಲುದಾರರಿರೋ ಕಡೆ ಕಂತೆ ನೋಟು ಬಂದರೆ ಯಾರಿಗೆ ಎಷ್ಟು ಹೋಯ್ತು ಅನ್ನೋದೇ ಇನ್ನೊಂದು ರಾಮಾಯಣ.

ಆಷಾಢ ಶುರುವಾದರೆ ನಮ್ಮ ಕಡೆ ಯಾರೂ ಮುಂಗಡ ಕೊಡಲ್ಲ, ನೀವೂ ಒಕ್ಕಲು ಹೋಗೋ ಹಾಗಿಲ್ಲ. ಅದಕ್ಕೆ ಮುಂಚೆಯೇ ಹಾಲುಕ್ಕಿಸಿ. ಹಾಲುಕ್ಕಿಸಿದ ಮೇಲೂ ಮಾರಾಟ ಆಗೋತನಕ ಗುಬ್ಬಿ ಮನೆಯಲ್ಲಿ ಯಾರಾದರೂ ಇರಲಿ. ನಿನ್ನ ಮೈದುನ ಇನ್ನೂ ಆರು ತಿಂಗಳು ಗುಬ್ಬಿಯಲ್ಲೇ ಕೆಲಸ ಮಾಡ್ತಾನಂತಲ್ಲ, ಅವನಿಗೆ ಎರಡು ಪಾತ್ರೆ, ಒಂದು ಹಾಸಿಗೆ, ಗ್ಯಾಸ್ ಒಲೆ ಬಿಟ್ಟು ಬಾ. ಒಲೆ ಉರೀತಿರೋ ಮನೆಗೆ ಬರೋ ಬೆಲೆಯೇ ಬೇರೆ. ಬಾಡಿಗೆಗೆ ಮಾತ್ರ ಕೊಡಬೇಡಿ. ಖಾಲಿ ಮಾಡಿಸೋಕೆ ನಿಮಗೂ ಕಷ್ಟ, ಬಾಡಿಗೆದಾರರಿರೋ ಮನೆ ಅಂದರೆ ಗಿರಾಕಿಯೂ ಹಿಂದೇಟು ಹಾಕ್ತಾನೆ.

ಹಿತ್ತಿಲ ಕರಿಬೇವಿನ ಬುಡದಲ್ಲಿ ಮರಿಗಳು ಎದ್ದಿರುತ್ತವೆ. ಎರಡನ್ನ ಬೇರು ಸಮೇತ ಕಿತ್ತು ಮೊದಲೇ ಕುಂಡಕ್ಕೆ ಹಾಕಿಡು, ಮಳೆ ಬಿದ್ದ ಮೇಲೆ ತುಮಕೂರಲ್ಲಿ ನೆಟ್ಟರಾಯ್ತು. ದೊಡ್ಡ ಗಿಡ ಕೊಂಡವರಿಗೆ. ತುಮಕೂರಲ್ಲಿ ನಲ್ಲಿ ನೀರು ದಿನಾ ಬರಲ್ಲ, ಬುಗುಡನಹಳ್ಳಿ ಕೆರೆಯ ಹೇಮಾವತಿಯನ್ನೇ ಊರೆಲ್ಲ ಹಂಚಿಕೊಳ್ಳಬೇಕು. ಅದಕ್ಕೇ ಒಕ್ಕಲು ಹೋದ ವಾರದಲ್ಲೇ ಸಂಪು ತೊಳೆಸು. ಹಾಲುಕ್ಕಿಸೋ ದಿನ ನಾನು ಕುಣಿಗಲ್‌ನಿಂದ ಮೊದಲ ಬಸ್ಸಿಗೇ ಬರ್ತೀನಿ, ನಿನ್ನ ಸೋದರಮಾವನನ್ನೂ ಬರಹೇಳಿದ್ದೀನಿ. ಸಂಪಿನ ಮುಚ್ಚಳ ಭದ್ರ ಮಾಡಿಸಿರು, ಮಕ್ಕಳು ಓಡಾಡ್ತವೆ.