ಚುಕ್ಕಿಯೋ, ನಕ್ಷತ್ರವೋ: ಡೆಕ್-10 ಕಲಿಸಿದ ಪದಪಾಠ

ಆಪರೇಟಿಂಗ್ ಸಿಸ್ಟಂ ಎಂದರೇನು ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಹತ್ತು ಅಂಕದ ಉತ್ತರ ಬರೆದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನೂ ಬರೆದು ಪಾಸಾದವನೇ. ಅದು ಒಳಗೆ ಏನು ಮಾಡುತ್ತದೆ ಎಂಬುದು ತಲೆಗೆ ಹೋದದ್ದು ಆಮೇಲೆ, ಎಂಬತ್ತರ ದಶಕದಲ್ಲಿ, ಟಾಪ್ಸ್-10 ಎಂಬ ಟೈಮ್‌ಶೇರಿಂಗ್ ವ್ಯವಸ್ಥೆಯ ಒಂದು ಹಿಡಿ ಪದಗಳ ಜೊತೆ ಗುದ್ದಾಡಿದಾಗ. ಜಾಬ್, ಮಾನಿಟರ್, ಕೋರ್, ಸ್ವಾಪ್, ಡಿಟ್ಯಾಚ್. ಅಲ್ಲಿ ಯಾವ ಪದವೂ ಅಲಂಕಾರಕ್ಕೆ ಇರಲಿಲ್ಲ. ಒಂದೊಂದು ಪದದ ಹಿಂದೆಯೂ ಹಂಚಿಕೊಳ್ಳಬೇಕಾದ ಯಾವುದೋ ಒಂದು ವಸ್ತು ಇತ್ತು, ಅದು ಎಲ್ಲರಿಗೂ ಸಾಲುವಷ್ಟು ಇರಲಿಲ್ಲ.

ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ (ಡೆಕ್) ಕಂಪನಿಯ ಪಿಡಿಪಿ-10, ಅಂದರೆ ಡೆಕ್-10, ಯಂತ್ರಕ್ಕೆ ಬರೆದ ವ್ಯವಸ್ಥೆ ಇದು. ಮೂಲ 1964ರ ಪಿಡಿಪಿ-6ರಲ್ಲಿದೆ. ಟಾಪ್ಸ್-10 ಎಂಬ ಹೆಸರು ಬಂದದ್ದು 1970ರಲ್ಲಿ. ಅದಕ್ಕೂ ಮೊದಲು, 1961ರಲ್ಲಿ, ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಾಟೊ ತಂಡ ಸಿಟಿಎಸ್‌ಎಸ್ ಎಂಬ ಟೈಮ್‌ಶೇರಿಂಗ್ ವ್ಯವಸ್ಥೆಯನ್ನು ನಡೆಸಿ ತೋರಿಸಿ ದಾರಿ ಹಾಕಿಕೊಟ್ಟಿತ್ತು. ನಮ್ಮ ದೇಶದಲ್ಲಿ ಮುಂಬಯಿಯ ಟಿಐಎಫ್‌ಆರ್, ಕಾನ್ಪುರದ ಐಐಟಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಮುಂತಾದ ಕಡೆ ಡೆಕ್-10 ಕುಟುಂಬದ ಯಂತ್ರಗಳು ಬಂದವು. ಅಲ್ಲಿಯವರೆಗೆ ನಾವು ಪಂಚ್ ಕಾರ್ಡಿನವರು. ಕಿಟಕಿಯಲ್ಲಿ ಕಾರ್ಡಿನ ಕಟ್ಟು ಕೊಟ್ಟು ಬಂದರೆ, ಒಂದು ಅಲ್ಪವಿರಾಮ ತಪ್ಪಿತ್ತು ಎಂಬ ಸುದ್ದಿ ಮಾರನೆಯ ದಿನ ಕಾಗದದ ಮೇಲೆ ಸಿಗುತ್ತಿತ್ತು.

ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಹಂಚಿಕೊಳ್ಳುವ ಟೈಮ್‌ಶೇರಿಂಗ್ ಎಂದರೆ ಏಕೋಪಾಧ್ಯಾಯ ಶಾಲೆ. ಒಂದೇ ಕೋಣೆ, ನಾಲ್ಕು ತರಗತಿ, ಒಬ್ಬರೇ ಮೇಷ್ಟ್ರು. ಒಂದನೇ ತರಗತಿಯವರಿಗೆ ಅಕ್ಷರ ತಿದ್ದಲು ಹೇಳಿ, ಅವರು ತಿದ್ದುತ್ತಿರುವಾಗ ಮೂರನೆಯವರ ಲೆಕ್ಕ ನೋಡಿ, ನಾಲ್ಕನೆಯವರ ಕಡೆ ತಿರುಗುತ್ತಾರೆ. ಅಂಥ ಶಾಲೆಯಲ್ಲೇ ಓದಿ ಬಂದ ನನಗೆ ಈ ವ್ಯವಸ್ಥೆಯ ಬಗ್ಗೆ ಆಶ್ಚರ್ಯವಾಗಲಿಲ್ಲ. ಇದಕ್ಕೊಂದು ಸಿದ್ಧಾಂತವಿದೆ ಎಂಬುದಕ್ಕೆ ಆಶ್ಚರ್ಯವಾಯಿತು.

ಮೊದಲು ಕಲಿಯಬೇಕಾದ್ದು, ಯಾರ ಜೊತೆ ಮಾತಾಡುತ್ತಿದ್ದೇವೆ ಎಂಬುದು. ಸಾಲಿನ ಆರಂಭದಲ್ಲಿ ಚುಕ್ಕಿ ಮೂಡಿದರೆ ಎದುರಿಗಿರುವುದು ಮಾನಿಟರ್. ನಾವು ಇಂದು ಮಾನಿಟರ್ ಎನ್ನುವ ಪರದೆಯಲ್ಲ, ಯಂತ್ರವನ್ನೆಲ್ಲ ಆಳುವ ಮೂಲ ಪ್ರೋಗ್ರಾಮು. ನಕ್ಷತ್ರ ಮೂಡಿದರೆ ನೀವು ಆಗಲೇ ಯಾವುದೋ ಪ್ರೋಗ್ರಾಮಿನ ಒಳಗೆ ಹೋಗಿದ್ದೀರಿ, ಅಪ್ಪಣೆ ಕೊಡಬೇಕಾದ್ದು ಅದಕ್ಕೆ. ನಮ್ಮಲ್ಲಿ ಹಿರಿಯ ಆಪರೇಟರ್ ಒಬ್ಬರಿದ್ದರು. ಹುಡುಗರು "ಸಾರ್, ಏನು ಹೊಡೆದರೂ ಕೇಳ್ತಾ ಇಲ್ಲ" ಎಂದು ಓಡಿಬಂದರೆ ಕುರ್ಚಿಯಿಂದ ಏಳುತ್ತಲೇ ಇರಲಿಲ್ಲ.

"ಚುಕ್ಕಿ ಇದೆಯೇನಪ್ಪಾ, ನಕ್ಷತ್ರ ಇದೆಯೋ?"

"ನಕ್ಷತ್ರ ಸಾರ್."

"ಹಾಗಾದ್ರೆ ನೀನು ಪಿಪ್ ಹತ್ರ ಮಾತಾಡ್ತಿದ್ದೀಯ, ಮಾನಿಟರ್ ಹತ್ರ ಅಲ್ಲ. ಕಂಟ್ರೋಲ್-ಸಿ ಹೊಡೆದು ಮೊದಲು ಹೊರಗೆ ಬಾ."

ಪಿಪ್ ಎಂದರೆ ಫೈಲುಗಳನ್ನು ಒಂದು ಸಾಧನದಿಂದ ಇನ್ನೊಂದಕ್ಕೆ ಸಾಗಿಸುವ ಪ್ರೋಗ್ರಾಮು. ಇಂದಿಗೂ ಹೊಸಬರ ಗೊಂದಲದಲ್ಲಿ ಅರ್ಧ ಪಾಲು ಈ ಜಾತಿಯದೇ. ಅಪ್ಪಣೆ ಸರಿಯಾಗಿಯೇ ಇರುತ್ತದೆ, ಕೇಳಿಸಿಕೊಳ್ಳುತ್ತಿರುವವನು ಬೇರೆ.

ಎರಡನೆಯದು ಜಾಬ್. ಲಾಗಿನ್ ಆದ ಕೂಡಲೇ ಮಾನಿಟರ್ ನಿಮಗೊಂದು ಜಾಬ್ ನಂಬರ್ ಕೊಡುತ್ತಿತ್ತು. ನೀವು ಬೇರೆ, ನಿಮ್ಮ ಟರ್ಮಿನಲ್ ಬೇರೆ, ನಿಮ್ಮ ಪ್ರೋಗ್ರಾಮ್ ಬೇರೆ, ಜಾಬ್ ಬೇರೆ. ಈ ನಾಲ್ಕನ್ನೂ ಬಿಡಿಸಿ ನೋಡಲು ನನಗೆ ತಿಂಗಳುಗಳೇ ಹಿಡಿದವು. ನೀವು ಯಾರು ಎನ್ನುವುದಕ್ಕೆ ಚೌಕ ಆವರಣದೊಳಗೆ ಎರಡು ಸಂಖ್ಯೆ: ಮೊದಲನೆಯದು ಪ್ರಾಜೆಕ್ಟ್, ಎರಡನೆಯದು ಪ್ರೋಗ್ರಾಮರ್. ಎರಡೂ ಆಕ್ಟಲ್, ಅಂದರೆ ಸೊನ್ನೆಯಿಂದ ಏಳರವರೆಗಿನ ಅಂಕಿಗಳಲ್ಲೇ ಬರೆದವು, ಹಾಗಾಗಿ ಯಾರ ಗುರುತಿನಲ್ಲೂ ಎಂಟು, ಒಂಬತ್ತು ಇರುವಂತಿಲ್ಲ. ಅದೃಷ್ಟ ಸಂಖ್ಯೆ ನಂಬುವ ನನ್ನ ಸಹಪಾಠಿಯೊಬ್ಬನಿಗೆ ಇದೇ ದೊಡ್ಡ ಕೊರಗು. ಇನ್ನು ಡಿಟ್ಯಾಚ್ ಎಂದು ಹೊಡೆದರೆ ಟರ್ಮಿನಲ್ ಬಿಡುಗಡೆಯಾಗಿ ಜಾಬ್ ಮಾತ್ರ ಒಳಗೇ ಉಳಿಯುತ್ತಿತ್ತು. ಆಮೇಲೆ ಬೇರೊಂದು ಟರ್ಮಿನಲ್ಲಿನಿಂದ ಅಟ್ಯಾಚ್ ಹೊಡೆದು ಅದನ್ನೇ ಹಿಡಿಯಬಹುದಿತ್ತು. ಇದನ್ನು ಕಣ್ಣಾರೆ ಕಂಡ ದಿನ ಆ ನಾಲ್ಕೂ ಬೇರೆ ಬೇರೆಯಾಗಿ ಕಂಡವು.

ನನಗೆ ಅತಿ ಹೆಚ್ಚು ಕಲಿಸಿದ್ದು ಸಿಸ್ಟ್ಯಾಟ್ ಎಂಬ ಅಪ್ಪಣೆ. ಲಾಗಿನ್ ಕೂಡ ಆಗದೆ ಅದನ್ನು ಹೊಡೆಯಬಹುದಿತ್ತು. ಯಂತ್ರದೊಳಗಿನ ಎಲ್ಲ ಜಾಬ್‌ಗಳ ಪಟ್ಟಿ ಬರುತ್ತಿತ್ತು: ಯಾರದು, ಯಾವ ಪ್ರೋಗ್ರಾಮ್, ಎಷ್ಟು ಕೋರ್ ಹಿಡಿದಿದೆ, ಯಾವ ಸ್ಥಿತಿಯಲ್ಲಿದೆ, ಈವರೆಗೆ ಎಷ್ಟು ಓಡಿದೆ. ಸ್ಥಿತಿಯನ್ನು ಎರಡಕ್ಷರದಲ್ಲಿ ಸೂಚಿಸುತ್ತಿದ್ದರು. ಆರ್‌ಎನ್ ಎಂದರೆ ಓಡುತ್ತಿದೆ ಅಥವಾ ಓಡಲು ಸಿದ್ಧವಾಗಿದೆ, ಟಿಐ ಎಂದರೆ ಕೀಲಿಮಣೆ ಒತ್ತುವುದನ್ನು ಕಾಯುತ್ತಿದೆ. ಕೋಣೆ ತುಂಬ ಜನ, ಎಲ್ಲರೂ ಮಗ್ನರು. ಪಟ್ಟಿ ನೋಡಿದರೆ ಮೇಲಿಂದ ಕೆಳಗೆ ಬಹುಪಾಲು ಟಿಐ, ಟಿಐ, ಟಿಐ. ಮನುಷ್ಯ ಯೋಚಿಸುತ್ತಾನೆ, ತಲೆ ಕೆರೆದುಕೊಳ್ಳುತ್ತಾನೆ, ಪಕ್ಕದವನನ್ನು ಕೇಳುತ್ತಾನೆ. ಯಂತ್ರದ ಲೆಕ್ಕದಲ್ಲಿ ಅದೆಲ್ಲ ಯುಗಗಳಷ್ಟು ಕಾಲ. ಟೈಮ್‌ಶೇರಿಂಗ್ ಬದುಕಿದ್ದೇ ಈ ಕಾಯುವಿಕೆಯ ಮೇಲೆ. ಯಾವ ಪಠ್ಯಪುಸ್ತಕದ ವ್ಯಾಖ್ಯೆಯೂ ಆ ಒಂದು ಪಟ್ಟಿಗೆ ಸಮನಲ್ಲ ಎಂದು ಇಂದಿಗೂ ನನ್ನ ಅಭಿಪ್ರಾಯ.

ನಿಜವಾಗಿ ಲೆಕ್ಕ ಮಾಡುವ ಜಾಬ್‌ಗಳ ನಡುವೆ ಮಾತ್ರ ಪೈಪೋಟಿ. ಆಗತಾನೇ ಕೀಲಿ ಒತ್ತಿದವರ ಜಾಬ್ ಮೊದಲ ಸಾಲಿಗೆ ಹೋಗಿ ಸಣ್ಣದೊಂದು ಕಾಲಪಾಲು ಪಡೆಯುತ್ತಿತ್ತು. ಆ ಪಾಲು ಮುಗಿದರೂ ಲೆಕ್ಕ ಮುಗಿಯದಿದ್ದರೆ ಎರಡನೇ ಸಾಲಿಗೆ ಇಳಿಸುತ್ತಿದ್ದರು. ಈ ಉಪಾಯದ ಬೇರು ಕಾರ್ಬಾಟೊ ಅವರ ಸಿಟಿಎಸ್‌ಎಸ್‌ನಲ್ಲೇ ಇದೆ. ದೊಡ್ಡ ಮ್ಯಾಟ್ರಿಕ್ಸ್ ಲೆಕ್ಕದವರು ಇದನ್ನು ಅನ್ಯಾಯವೆಂದು ಗೊಣಗುತ್ತಿದ್ದರು. ಅಂಥವರಿಗೆ ಸಬ್ಮಿಟ್ ಎಂಬ ಅಪ್ಪಣೆ ಇತ್ತು, ರಾತ್ರಿಯ ಬ್ಯಾಚ್ ಇತ್ತು.

ಕೋರ್ ಎಂದರೆ ಮೆಮೊರಿ. ಕಾಂತೀಯ ಉಂಗುರಗಳ ಕಾಲದ ಹೆಸರು, ಉಂಗುರ ಹೋದ ಮೇಲೂ ಉಳಿಯಿತು. ಯೂನಿಕ್ಸಿನಲ್ಲಿ ಪ್ರೋಗ್ರಾಮ್ ಸತ್ತಾಗ ಬೀಳುವ ಕೋರ್ ಡಂಪ್‌ನಲ್ಲಿ ಈಗಲೂ ಇದೆ. ಟಾಪ್ಸ್-10ರಲ್ಲಿ ಕೋರಿನ ಅಳತೆ ಬೈಟಿನಲ್ಲಲ್ಲ, 36 ಬಿಟ್‌ಗಳ ವರ್ಡ್‌ನಲ್ಲಿ. 1ಕೆ ಎಂದರೆ 1024 ವರ್ಡ್, ಇಂದಿನ ಲೆಕ್ಕದಲ್ಲಿ 4608 ಬೈಟ್. ಒಂದು ಪ್ರೋಗ್ರಾಮಿನ ವಿಳಾಸ 18 ಬಿಟ್ ಆದ್ದರಿಂದ 256ಕೆ ವರ್ಡ್ ಮೀರಿ ಕೈಚಾಚುವಂತಿರಲಿಲ್ಲ. ಜಾಗ ಸಾಲದಾಗ ಕಾಯುತ್ತಿರುವ ಜಾಬ್‌ಗಳನ್ನು ಡಿಸ್ಕಿಗೆ ಎತ್ತಿಹಾಕುವುದೇ ಸ್ವಾಪಿಂಗ್. ಹತ್ತು ಮಂದಿ ಒಂದೇ ಎಡಿಟರ್ ಓಡಿಸುತ್ತಿದ್ದರೆ ಅದರ ಬದಲಾಗದ ಭಾಗದ ಒಂದೇ ಪ್ರತಿ ಎಲ್ಲರಿಗೂ ಸಾಕು. ಅದಕ್ಕೆ ಹೈ ಸೆಗ್ಮೆಂಟ್ ಎನ್ನುತ್ತಿದ್ದರು. ಅವರವರ ಸ್ವಂತ ಡೇಟಾ ಲೋ ಸೆಗ್ಮೆಂಟಿನಲ್ಲಿ.

ಕೆಲಸ ಮುಗಿಸಿ ಕೆಜಾಬ್ ಹೊಡೆದರೆ ಮಾನಿಟರ್ ಲೆಕ್ಕ ಒಪ್ಪಿಸುತ್ತಿತ್ತು. ನಾನು ಇನ್ನೊಂದು ಪಾಠ ಕಲಿತದ್ದು ಆ ಲೆಕ್ಕದ ಸಾಲಿನಿಂದ. ಅದರಲ್ಲಿ ಮೂರು ಅಂಕಿ. ಕನೆಕ್ಟ್ ಟೈಮ್: ನೀವು ಕುಳಿತಿದ್ದ ಹೊತ್ತು. ರನ್ ಟೈಮ್: ಪ್ರೊಸೆಸರ್ ನಿಮಗಾಗಿ ದುಡಿದ ಹೊತ್ತು. ಗಂಟೆಗಟ್ಟಲೆ ಕುಳಿತು ಎದ್ದರೆ ರನ್ ಟೈಮ್ ಕೆಲವೇ ಸೆಕೆಂಡು. ಮೂರನೆಯದು ಕೆಸಿಎಸ್, ಕಿಲೋ-ಕೋರ್-ಸೆಕೆಂಡ್: ಎಷ್ಟು ಕೆ ಮೆಮೊರಿಯನ್ನು ಎಷ್ಟು ಸೆಕೆಂಡು ಓಡಿಸಿದಿರಿ ಎಂಬ ಗುಣಲಬ್ಧ. 20ಕೆ ಪ್ರೋಗ್ರಾಮ್ 10 ಸೆಕೆಂಡು ಓಡಿದರೆ 200. ಅದನ್ನೇ 10ಕೆಗೆ ಇಳಿಸಿ, 15 ಸೆಕೆಂಡು ಹಿಡಿದರೂ 150 ಮಾತ್ರ. ಅಂದರೆ ನಿಧಾನವಾದ ಪ್ರೋಗ್ರಾಮ್ ಅಗ್ಗವಾಗಿರಬಹುದು! ವೇಗವೊಂದನ್ನೇ ದೇವರೆಂದು ನಂಬಿದ್ದ ನಮಗೆ ಇದು ಜೀರ್ಣವಾಗಲು ಸಮಯ ಬೇಕಾಯಿತು. ಆಮೇಲೆ ಪ್ರತಿ ಸಲ ಫೋರ್ಟ್ರಾನ್ ಅರೇ ಘೋಷಿಸುವಾಗಲೂ ಕೈ ಸ್ವಲ್ಪ ತಡೆಯುತ್ತಿತ್ತು.

ಫೈಲಿನ ರಕ್ಷಣೆಗೆ ಮೂರು ಆಕ್ಟಲ್ ಅಂಕಿ: ಮಾಲೀಕ, ಅದೇ ಪ್ರಾಜೆಕ್ಟಿನವರು, ಉಳಿದವರು. ಸಾಮಾನ್ಯವಾಗಿ 057. ಸೊನ್ನೆ ಎಂದರೆ ಎಲ್ಲ ಅಧಿಕಾರ, ಐದು ಎಂದರೆ ಓದಬಹುದು, ಏಳು ಎಂದರೆ ಹತ್ತಿರ ಸುಳಿಯುವಂತಿಲ್ಲ. ಯೂನಿಕ್ಸ್ ಬಲ್ಲವರು ಇಲ್ಲಿ ಬೆಚ್ಚಿಬೀಳಬೇಕು, ಅಲ್ಲಿ ಏಳೇ ಪೂರ್ಣ ಅಧಿಕಾರ. ಯೂನಿಕ್ಸಿಗೆ ಬಂದಾಗ ನಾನು ಟರ್ಮಿನಲ್ ಪಕ್ಕಕ್ಕೆ "ಇಲ್ಲಿ ಉಲ್ಟಾ" ಎಂದು ಚೀಟಿ ಅಂಟಿಸಿಕೊಂಡಿದ್ದೆ.

ಈ ಪದಗಳು ಸತ್ತವು ಎಂದುಕೊಳ್ಳಬೇಡಿ. ಗ್ಯಾರಿ ಕಿಲ್ಡಾಲ್ ತಮ್ಮ ಸಿಪಿ/ಎಂ ಆಪರೇಟಿಂಗ್ ಸಿಸ್ಟಂಗೆ ಪಿಪ್ ಹೆಸರನ್ನೂ ಸಾಧನದ ಹೆಸರಿನ ಕೊನೆಗೆ ಕೋಲನ್ ಇಡುವ ಪದ್ಧತಿಯನ್ನೂ ತಂದದ್ದು ಡೆಕ್ ಕಡೆಯಿಂದ. ಅಲ್ಲಿಂದ ಡಾಸ್, ಅಲ್ಲಿಂದ ವಿಂಡೋಸಿನ ಸಿ ಡ್ರೈವ್. ಕ್ಲೌಡ್‌ನಲ್ಲಿ ಕೆಲಸ ಮಾಡುವ ಇಂದಿನ ಹುಡುಗರು ಅಮೆಜಾನಿನ ಲ್ಯಾಂಬ್ಡಾ ಸೇವೆಯ ಬಿಲ್ ತೆಗೆದು ನೋಡಲಿ: ದರ ಹಾಕುವುದು ಗಿಗಾಬೈಟ್-ಸೆಕೆಂಡಿನ ಲೆಕ್ಕದಲ್ಲಿ. ಕೆಸಿಎಸ್ ಗೊತ್ತಿದ್ದವನಿಗೆ ಅದನ್ನು ಯಾರೂ ವಿವರಿಸಬೇಕಿಲ್ಲ.

ಸಿಮ್‌ಎಚ್ ಎಂಬ ಎಮ್ಯುಲೇಟರಿನಲ್ಲಿ ಟಾಪ್ಸ್-10 ಈಗ ಸಾಧಾರಣ ಲ್ಯಾಪ್‌ಟಾಪಿನ ಮೇಲೂ ಓಡುತ್ತದೆ. ಆಪರೇಟಿಂಗ್ ಸಿಸ್ಟಂ ಪಾಠ ಮಾಡುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ವ್ಯಾಖ್ಯೆ ಬರೆಸುವ ಮೊದಲು ಒಂದು ತರಗತಿ ಅದಕ್ಕೆ ಬಿಡಿ. ನಾಲ್ಕೈದು ಹುಡುಗರನ್ನು ಲಾಗಿನ್ ಮಾಡಿಸಿ, ಸಿಸ್ಟ್ಯಾಟ್ ಹೊಡೆಸಿ, ಬಂದ ಪಟ್ಟಿಯನ್ನು ಅವರಿಂದಲೇ ಓದಿಸಿ.