ಪತ್ರಿಕಾ ಶೀರ್ಷಿಕೆಗಳಲ್ಲಿ ವಿವರಣಾತ್ಮಕ ಚಿಹ್ನೆ: ತಿಪ್ಪಸಂದ್ರದ ನೆಲೆಯಿಂದ ಒಂದು ಟಿಪ್ಪಣಿ

ಶಾಲಾ ವ್ಯಾಕರಣಗಳು ವಿವರಣಾತ್ಮಕ ಚಿಹ್ನೆಗೆ (:) ಮುಂದೆ ಬರುವ ವಿವರಣೆಯನ್ನು ಸೂಚಿಸುವ ಕೆಲಸವನ್ನಷ್ಟೇ ವಹಿಸಿವೆ. ಕನ್ನಡ ಪತ್ರಿಕೆಗಳ ಶೀರ್ಷಿಕೆಗಳಲ್ಲಿ ಅದು ವಿಭಕ್ತಿ ಪ್ರತ್ಯಯದ ಹಾಗೂ ಕ್ರಿಯಾಪದದ ಹೊಣೆಯನ್ನೂ ಹೊರುತ್ತದೆ. ಅಂಕಣದ ಅಗಲ ಕಿರಿದಾದುದರಿಂದ ಪ್ರತ್ಯಯಗಳು ಲೋಪಗೊಳ್ಳುತ್ತವೆ. ಕ್ರಿಯಾಪದದ ಸ್ಥಾನಕ್ಕೆ ‘ಬಂಧನ’, ‘ಸಾವು’, ‘ಸೆರೆ’ ಮುಂತಾದ ನಾಮಪದಗಳು ಬರುತ್ತವೆ.

ಮಾಗಡಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ತಿಪ್ಪಸಂದ್ರವನ್ನು ಇಟ್ಟುಕೊಂಡು ಕೆಲವು ಮಾದರಿಗಳನ್ನು ರಚಿಸಿಕೊಳ್ಳಬಹುದು. ‘ತಿಪ್ಪಸಂದ್ರ: ಚಿರತೆ ಸೆರೆ’ ಎಂಬಲ್ಲಿ ಚಿಹ್ನೆಯು ‘ಅಲ್ಲಿ’ ಎಂಬ ಸಪ್ತಮಿಗೆ ಬದಲಾಗಿದೆ. ‘ಚಿರತೆ ದಾಳಿ: ಹಸು ಸಾವು’ ಎಂಬಲ್ಲಿ ‘ಇಂದ’ ಎಂಬ ಕಾರಣಾರ್ಥವಿದೆ. ‘ಶೀಘ್ರ ಪರಿಹಾರ: ಶಾಸಕ’ ಎಂಬಲ್ಲಿ ‘ಎಂದು ಹೇಳಿದರು’ ಎಂಬುದು ಅಡಗಿದೆ, ಕರ್ತೃಪದವು ಕೊನೆಗೆ ಸರಿದಿದೆ. ಮೊದಲನೆಯ ಮಾದರಿಯಲ್ಲಿ ಇನ್ನೊಂದು ತೊಡಕುಂಟು. ಬೆಂಗಳೂರು ನಗರದಲ್ಲಿಯೂ ತಿಪ್ಪಸಂದ್ರವಿರುವುದರಿಂದ ಚಿರತೆ ಎಲ್ಲಿಯದೆಂಬುದನ್ನು ಶೀರ್ಷಿಕೆಯೊಂದೇ ಹೇಳಲಾರದು. ಜಿಲ್ಲೆಯ ಹೆಸರನ್ನು ಸೇರಿಸಿದರೂ ತೊಡಕು ತೀರದು. 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲಾಯಿತು. ಅದೇ ಹೆಸರಿನ ಲೋಕಸಭಾ ಕ್ಷೇತ್ರವೂ ಇದೆ, ಮಾಗಡಿ ಅದರೊಳಗಿಲ್ಲ.

ಇವು ಸುದ್ದಿಯ ಮೊದಲ ವಾಕ್ಯದಲ್ಲಿಯೇ ಬಗೆಹರಿಯುವ ತೊಡಕುಗಳು. ಕಾರಣಾರ್ಥದ ಬಳಕೆ ಹಾಗಲ್ಲ. ‘ಸಾಲಬಾಧೆ: ರೈತ ಆತ್ಮಹತ್ಯೆ’ ಎಂಬ ಮಾದರಿಯನ್ನು ಗಮನಿಸಬೇಕು. ಇಂತಹ ಸುದ್ದಿಯ ಒಡಲಿನಲ್ಲಿ ಸಾಮಾನ್ಯವಾಗಿ ‘ಎನ್ನಲಾಗಿದೆ’, ‘ದೂರಿನಲ್ಲಿ ತಿಳಿಸಿದ್ದಾರೆ’ ಎಂಬ ಎಚ್ಚರಿಕೆಯ ಮಾತುಗಳಿರುತ್ತವೆ. ಶೀರ್ಷಿಕೆಯಲ್ಲಿ ಅವಕ್ಕೆ ಎಡೆಯಿಲ್ಲ. ಸರ್ಕಾರದ ಪರಿಹಾರ ದೊರೆಯಬೇಕಾದರೆ ಸಾಲವೇ ಕಾರಣವೆಂಬುದು ವಿಚಾರಣೆಯಲ್ಲಿ ಸ್ಥಾಪಿತವಾಗಬೇಕು. ಆ ನಿರ್ಣಯವನ್ನು ಎರಡು ಚುಕ್ಕೆಗಳು ಮೊದಲೇ ಕೊಟ್ಟುಬಿಡುತ್ತವೆ. ಮುಂದೆ ವಿಚಾರಣೆಯು ಬೇರೆ ಕಾರಣ ಹೇಳಿದರೆ ಮೃತನ ಮನೆಯವರು ಸುಳ್ಳು ಹೇಳಿದರೆಂಬ ಭಾವನೆ ಊರಿನಲ್ಲಿ ಉಳಿಯಬಹುದು.

ಪ್ರಶ್ನಾರ್ಥಕ ಚಿಹ್ನೆ ಇದಕ್ಕೆ ತಕ್ಕ ಪರಿಹಾರವಲ್ಲ. ‘ಸಾಲಬಾಧೆಗೆ ರೈತ ಬಲಿ?’ ಎಂದಾಗ ಸಂದೇಹವು ಕಾರಣಕ್ಕೆ ಮಾತ್ರ ನಿಲ್ಲದೆ ಸಾವಿನವರೆಗೂ ಹರಡುತ್ತದೆ. ಹೇಳಿಯೂ ಹೇಳದಂತಿರುವ ಅನುಕೂಲ ಮಾತ್ರ ಪತ್ರಿಕೆಯದಾಗುತ್ತದೆ. ‘ರೈತ ಆತ್ಮಹತ್ಯೆ: ಸಾಲಬಾಧೆ ಶಂಕೆ’ ಎಂದರೆ ಒಂದೇ ಪದ ಹೆಚ್ಚಾಗುತ್ತದೆ, ಸಂದೇಹವೂ ತನ್ನ ಸ್ಥಾನದಲ್ಲಿಯೇ ನಿಲ್ಲುತ್ತದೆ.

ಹಾಗೆಂದು ಈ ಚಿಹ್ನೆಯನ್ನೇ ದೂರುವಂತಿಲ್ಲ. ‘ಇಬ್ಬರು ಕಳ್ಳರ ಬಂಧನ’ ಎಂಬ ಶೀರ್ಷಿಕೆ ನ್ಯಾಯಾಲಯಕ್ಕಿಂತ ಮೊದಲೇ ತೀರ್ಪು ನೀಡುತ್ತದೆ. ‘ಕಳವು: ಇಬ್ಬರ ಬಂಧನ’ ಎಂಬಲ್ಲಿ ಅಪರಾಧ ಒಂದು ಬದಿಯಲ್ಲಿ, ವ್ಯಕ್ತಿಗಳು ಇನ್ನೊಂದು ಬದಿಯಲ್ಲಿ ಇದ್ದಾರೆ, ನಡುವಣ ಸಂಬಂಧ ಇನ್ನೂ ಸಾಬೀತಾಗಬೇಕಾಗಿದೆ.